ದಾಖಲೆಯ ತಾರೀಖಿಗೆ ಸಾಕ್ಷಿ ಬೇಕಿದ್ದರೆ

ಕಥೆ, ವಿನ್ಯಾಸ, ಕರಾರಿನ ಕರಡು, ಏನೇ ಇರಲಿ, 'ಇದು ಆ ದಿನವೇ ಹೀಗೆಯೇ ಇತ್ತು' ಎಂದು ಮುಂದೊಮ್ಮೆ ತೋರಿಸಬೇಕಾಗಬಹುದು ಅನ್ನಿಸಿದರೆ ಕಡತಕ್ಕೆ ಸಮಯದ ಮುದ್ರೆ ಹಾಕುವ ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ಆನ್‌ಲೈನ್ ಸೇವೆ ಬಳಸಿ. ಉಚಿತ, ಖಾತೆಯೂ ಬೇಡ. ಕಂಪ್ಯೂಟರ್ ತೋರಿಸುವ ಕಡತದ ತಾರೀಖನ್ನು ಯಾರು ಬೇಕಾದರೂ ತಿದ್ದಬಹುದು, ಅದನ್ನು ನೆಚ್ಚಿಕೊಳ್ಳಬೇಡಿ.

ದಾಖಲೆ ನಿಮ್ಮಲ್ಲೇ ಉಳಿಯುತ್ತದೆ. ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರದಿಂದ ಅದಕ್ಕೊಂದು 64 ಅಕ್ಷರಗಳ ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಗುರುತು, ಹುಟ್ಟುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಹ್ಯಾಶ್ ಪೂರ್ತಿ ಬೇರೆ. ಹಲವರ ಹ್ಯಾಶ್‌ಗಳನ್ನು ಒಂದಾಗಿ ಹೆಣೆದು, ಕೊನೆಗೆ ಉಳಿಯುವ ಒಂದೇ ಹ್ಯಾಶನ್ನು ಬಿಟ್‌ಕಾಯಿನ್ ಬ್ಲಾಕ್‌ಚೈನ್‌ಗೆ, ಅಂದರೆ ಸಮಯ ನಮೂದಾದ ಬ್ಲಾಕ್‌ಗಳ ಸರಣಿಯಾಗಿ ಬೆಳೆಯುವ, ಹಳೆಯದನ್ನು ತಿದ್ದುವುದು ಅಸಾಧ್ಯವೆನ್ನುವಷ್ಟು ಕಷ್ಟವಾದ ಸಾರ್ವಜನಿಕ ಲೆಕ್ಕಪುಸ್ತಕಕ್ಕೆ, ಸೇರಿಸಲಾಗುತ್ತದೆ. ನಿಮಗೆ ಸಿಗುವುದು ಹೆಸರು 'ಓಟಿಎಸ್' (.ots) ಎಂದು ಕೊನೆಯಾಗುವ ಪುಟ್ಟ ಪುರಾವೆ ಕಡತ. ಕೆಲವು ಗಂಟೆಗಳ ನಂತರ ಅದನ್ನು ಮರೆಯದೆ ಅಪ್‌ಗ್ರೇಡ್ ಮಾಡಿ, ಅಂದರೆ ಬ್ಲಾಕ್‌ಚೈನ್‌ಗೆ ಸೇರಿದ ವಿವರವನ್ನು ಅದರೊಳಗೆ ತುಂಬಿಸಿಕೊಳ್ಳಿ. ಆಗ ಪುರಾವೆ ಪೂರ್ಣವಾಗುತ್ತದೆ, ಹ್ಯಾಶ್‌ಗಳನ್ನು ಹೆಣೆದು ಸೇರಿಸುವ ಮಧ್ಯವರ್ತಿ ಸರ್ವರ್ ಮುಚ್ಚಿದರೂ ಚಿಂತೆಯಿಲ್ಲ.

ಜನ ಎಡವುವುದು ಕಡತ ಕಾಪಾಡುವಲ್ಲಿ. ವರ್ಡ್ ಕಡತವನ್ನು ಸುಮ್ಮನೆ ತೆರೆದು ಮತ್ತೆ ಉಳಿಸಿದರೂ ಒಳಗಿನ ಮಾಹಿತಿ ಬದಲಾಗಬಹುದು. ವಾಟ್ಸ್‌ಆಪ್‌ನಲ್ಲಿ ಫೋಟೋ ಆಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ಹ್ಯಾಶ್ ಹೊಂದುವುದಿಲ್ಲ. ಆದ್ದರಿಂದ ಪಿಡಿಎಫ್ ಮಾಡಿ, ಅದಕ್ಕೆ ಮುದ್ರೆ ಹಾಕಿಸಿ, ಮೂಲ ಮತ್ತು ಪುರಾವೆ ಎರಡನ್ನೂ ಎರಡು ಕಡೆ ಇಡಿ. ಮೂಲವೋ ಪುರಾವೆಯೋ ಒಂದು ಪೂರ್ತಿ ಕಳೆದುಹೋದರೆ, ಉಳಿದದ್ದರಿಂದ ಮಾತ್ರ ಆ ತಾರೀಖನ್ನು ತೋರಿಸಲಾಗದು.

ಇದರಿಂದ ಬರೆದವರು ಯಾರೆಂದು ಸಾಬೀತಾಗುವುದಿಲ್ಲ. ಕದ್ದ ಬರಹಕ್ಕೂ ಮುದ್ರೆ ಬೀಳುತ್ತದೆ! 'ಇಷ್ಟು ಹೊತ್ತಿಗೆ ಇದು ಇತ್ತು' ಎಂಬುದಷ್ಟೇ ಖಚಿತ. ಬಿಟ್‌ಕಾಯಿನ್ ಬ್ಲಾಕ್‌ನ ಸಮಯ ಒಂದೆರಡು ಗಂಟೆ ಆಚೀಚೆ ಇರಬಹುದಾದ್ದರಿಂದ ನಿಮಿಷದ ಲೆಕ್ಕಕ್ಕೆ ಇದನ್ನು ನಂಬಬೇಡಿ, ದಿನದ ಲೆಕ್ಕಕ್ಕೆ ಧಾರಾಳ ಸಾಕು.