ಕೊನೆ ಗೊತ್ತಿದ್ದೂ ಓದಿದ ನಾಲ್ಕು ಕಾದಂಬರಿಗಳು

ಕಳೆದ ತಿಂಗಳು ಐದು ಕಾದಂಬರಿ ಹಿಡಿದೆ, ನಾಲ್ಕು ಮುಗಿಸಿದೆ. ಎಲ್ಲವೂ ಐತಿಹಾಸಿಕ. ಐದನೆಯದನ್ನು ಅರವತ್ತು ಪುಟಕ್ಕೇ ಕೆಳಗಿಟ್ಟೆ. ಅದರಲ್ಲಿ ರಾಜ ಬಾಯಿ ತೆರೆದರೆ ಬಿರುದಾವಳಿಯೇ ಹೊರಬರುತ್ತಿತ್ತು, ಕುಡಿಯಲು ನೀರು ಕೇಳುವುದಕ್ಕೂ ಅವನಿಗೆ ಒಂದು ಪ್ಯಾರಾ ಬೇಕಿತ್ತು. ಹೆಸರು ಬೇಡ ಬಿಡಿ.

ಈ ಬಗೆಯ ಕಾದಂಬರಿಗಳ ಮೇಲೆ ನನ್ನದೊಂದು ಹಳೆಯ ತಕರಾರು: ಕೊನೆ ಗೊತ್ತೇ ಇರುತ್ತದಲ್ಲ, ಮತ್ತೆ ಓದುವುದೇಕೆ? ದುರ್ಗ ಬೀಳುತ್ತದೆ, ಕೊಡಗು ಇಂಗ್ಲಿಷರ ಪಾಲಾಗುತ್ತದೆ. ಈ ಸಲ ಆ ತಕರಾರಿನಿಂದಲೇ ಓದುವ ಕ್ರಮವೊಂದನ್ನು ಮಾಡಿಕೊಂಡೆ. ಪ್ರತಿ ಕಾದಂಬರಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ, ಪುಟದ ನೆತ್ತಿಯ ಮೇಲೆ ಆ ಕೊನೆಯ ಇಸವಿ. ಆಮೇಲೆ ಓದುತ್ತಾ, ಕಥೆಯೊಳಗಿನವರಲ್ಲಿ ಅದರ ಸುಳಿವು ಮೊದಲು ಯಾರಿಗೆ ಸಿಕ್ಕಿತು, ಎಲ್ಲಿ ಸಿಕ್ಕಿತು, ಸಿಕ್ಕ ಮೇಲೆ ಅವರು ಏನು ಮಾಡಿದರು ಎಂಬಷ್ಟನ್ನೇ ಗುರುತು ಹಾಕಿಕೊಳ್ಳುವುದು.

ಮೊದಲು ತೆಗೆದದ್ದು ತ.ರಾ.ಸು. ಅವರ 'ದುರ್ಗಾಸ್ತಮಾನ'. ಪುಟದ ಮೇಲೆ 1779. ಹೈದರಾಲಿಗೆ ಚಿತ್ರದುರ್ಗ ಸೋತ ವರ್ಷ. ಇಲ್ಲಿ ಕಾದಂಬರಿಕಾರರು ಮುಚ್ಚಿಟ್ಟದ್ದೇನೂ ಇಲ್ಲ, ಹೆಸರಿನಲ್ಲೇ ಸೂರ್ಯ ಮುಳುಗಿಸಿಬಿಟ್ಟಿದ್ದಾರೆ. ಆರಂಭದಲ್ಲಿ ಎಡವಿದ್ದು ನಾನೇ. ಹೆಸರುಗಳೆಲ್ಲ ಕಲಸಿಹೋಗಿ, ಯಾರು ಯಾರ ಮಗ ಎಂದು ತಿಳಿಯದೆ ಫೋನಿನಲ್ಲಿ ಹುಡುಕಲು ಹೋದೆ. ಒಂದು ಹೆಸರಿಗೆಂದು ಹೋದವನು ಮುಕ್ಕಾಲು ಗಂಟೆ ಕಳೆದು ಬಂದೆ, ಮೂರು ಸಾವುಗಳನ್ನು ಮೊದಲೇ ತಿಳಿದುಕೊಂಡು. ಆವತ್ತಿನಿಂದ ಫೋನು ಇನ್ನೊಂದು ಕೋಣೆಗೆ ಹೋಯಿತು. ಹಾಳೆಯ ಮೇಲೆ ಕೈಯಾರೆ ಒಂದು ವಂಶವೃಕ್ಷ ಗೀಚಿಕೊಂಡೆ. ಅದು ತಪ್ಪುತಪ್ಪಾಗಿಯೇ ಇತ್ತು, ಆದರೂ ಕೆಲಸಕ್ಕೆ ಬಂತು. ಇತಿಹಾಸದ ಪುಸ್ತಕ ನೋಡುವುದೇನಿದ್ದರೂ ಕಾದಂಬರಿ ಮುಗಿದ ಮೇಲೆ.

ದುರ್ಗದ ದೊರೆ ಮದಕರಿ ನಾಯಕ ಒಂದು ಕಾಲಕ್ಕೆ ಹೈದರನ ಪಕ್ಷದಲ್ಲಿ ನಿಂತು ಕಾದಿದವನು. ಅದೇ ಹೈದರ ಕೊನೆಗೆ ಕೋಟೆಯ ಕೆಳಗೆ ಬಂದು ಕೂರುತ್ತಾನೆ. ಇದು ಗೊತ್ತಿದ್ದು ಓದಿದರೆ ಮೊದಲ ಸ್ನೇಹದ ಮಾತುಗಳೇ ಎದೆ ಹಿಂಡುತ್ತವೆ. ತ.ರಾ.ಸು. ಮಾತು ದೊಡ್ಡ ದನಿಯದು, ಕೆಲವು ಕಡೆ ನಾಟಕದ ವೇದಿಕೆ ಏರುತ್ತದೆ. ನನಗೆ ಅಲ್ಲಲ್ಲಿ ಸುಸ್ತಾಯಿತು. ಕೊನೆಯ ಭಾಗಕ್ಕೆ ಬಂದಾಗ ಮಾತ್ರ ಆ ದನಿ ಇಲ್ಲದೆ ಇದನ್ನು ಹೇಳಲಾಗುತ್ತಿರಲಿಲ್ಲ ಅನ್ನಿಸಿತು. ಈ ಪುಸ್ತಕಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ತೀರಿಕೊಂಡಾಗಿತ್ತು.

ಕೆ.ವಿ. ಅಯ್ಯರ್ ಅವರ 'ಶಾಂತಲಾ' ಎರಡೇ ದಿನಕ್ಕೆ ಮುಗಿಯಿತು. ಪುಟದ ಮೇಲೆ 1131, ಹೊಯ್ಸಳ ರಾಣಿ ಶಿವಗಂಗೆಯಲ್ಲಿ ತೀರಿಕೊಂಡ ವರ್ಷ. ವ್ಯಾಯಾಮದ ಮೇಷ್ಟ್ರಾಗಿ ಹೆಸರಾದವರ ಕೈಯಿಂದ ಇಷ್ಟು ಮೆತ್ತಗಿನ ಕಥೆ ಹೇಗೆ ಬಂತೋ! ಶಾಂತಲೆಯ ಅಪ್ಪ ಶೈವ, ಅಮ್ಮ ಜೈನ, ಗಂಡ ವೈಷ್ಣವ. ಇದು ಕಟ್ಟಿದ್ದಲ್ಲ, ಇತಿಹಾಸವೇ. ಆದರೆ ಕಾದಂಬರಿಯಲ್ಲಿ ಎಲ್ಲರೂ ತುಸು ಹೆಚ್ಚೇ ಒಳ್ಳೆಯವರು.

ತಿಂಗಳ ಪುಸ್ತಕ ಯಾವುದೆಂದರೆ ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಇಸವಿ 1834, ಈ ರಾಜನ ಕೈಯಿಂದ ಕೊಡಗು ಇಂಗ್ಲಿಷರ ಪಾಲಾದ ವರ್ಷ. ಬಂದದ್ದು 1956ರಲ್ಲಿ, ಜ್ಞಾನಪೀಠ ಪಡೆದದ್ದು 1983ರಲ್ಲಿ. ನಾನು ಓದಲು ಇಷ್ಟು ತಡಮಾಡಿದ್ದಕ್ಕೆ ನೆಪವಿಲ್ಲ. ಇಲ್ಲಿ ನನ್ನ ಗುರುತುಗಳ ಪಟ್ಟಿ ಎರಡು ಪುಟ ದಾಟಿತು. ಏಕೆಂದರೆ ರಾಜನೊಬ್ಬನನ್ನು ಬಿಟ್ಟು ಎಲ್ಲರಿಗೂ ಕೊನೆ ಕಾಣುತ್ತಿದೆ. ರಾಣಿ ಗೌರಮ್ಮನಿಗೆ ಕಾಣುತ್ತದೆ, ಅವಳು ಮನೆತನದ ಮರ್ಯಾದೆ ಹಿಡಿದುಕೊಂಡು ತಡೆಯಲು ನೋಡುತ್ತಾಳೆ. ಮಂತ್ರಿ ಬೋಪಣ್ಣನಿಗೆ ಕಾಣುತ್ತದೆ, ದೊರೆ ದೊಡ್ಡವನೋ ನಾಡು ದೊಡ್ಡದೋ ಎಂದು ಒಳಗೇ ಬೇಯುತ್ತಾನೆ. ರಾಜನ ಆಪ್ತ ಕುಂಟ ಬಸವನಿಗೂ ಕಾಣದೆ ಇಲ್ಲ. ಅವನ ವಿಷಯ ಇಲ್ಲಿ ಹೇಳಿದರೆ ಓದುವವರಿಗೆ ಮೋಸವಾಗುತ್ತದೆ. ಇಷ್ಟು ಕ್ರೌರ್ಯವಿರುವ ಕಥೆಯಲ್ಲಿ ಮಾಸ್ತಿ ಒಂದು ಸಲವೂ ದನಿ ಏರಿಸುವುದಿಲ್ಲ. ಮನೆಯ ಹಿರಿಯರೊಬ್ಬರು ನೆಂಟರ ಸಂಸಾರ ಕೆಟ್ಟದ್ದನ್ನು ಹೇಳುವ ಹಾಗೆ, ನಿಧಾನವಾಗಿ, ಯಾರನ್ನೂ ಬೈಯದೆ ಹೇಳುತ್ತಾ ಹೋಗುತ್ತಾರೆ. ಮೊದಲ ನೂರು ಪುಟ ನಿಧಾನ ಎನ್ನುವವರಿದ್ದಾರೆ. ನಿಧಾನವೇ, ನಿಜ. ಆದರೆ ಆ ನಿಧಾನದಲ್ಲೇ ಅರಮನೆಯ ಒಂದೊಂದು ಬಾಗಿಲು ಮುಚ್ಚುವುದು ಕೇಳಿಸುತ್ತದೆ.

ಮುಗಿಸಿದ ಮೇಲೆ ಇತಿಹಾಸ ನೋಡಿದೆ. ರಾಜ 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅಲ್ಲಿ ಅವಳು ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆ. ಇವನು 1859ರಲ್ಲಿ ಲಂಡನ್ನಿನಲ್ಲೇ ಸತ್ತ. ಇದನ್ನೋದಿ, ಕಾದಂಬರಿಯ ಮೊದಲ ಅಧ್ಯಾಯಗಳನ್ನು ಮತ್ತೊಮ್ಮೆ ಓದಿದೆ.

ನನ್ನ ಲೆಕ್ಕ ತಪ್ಪಿದ್ದು ವಸುಧೇಂದ್ರರ 'ತೇಜೋ ತುಂಗಭದ್ರಾ'ದಲ್ಲಿ. ಪುಟದ ಮೇಲೆ 1510 ಎಂದು ಬರೆದೆ, ಪೋರ್ಚುಗೀಸರ ಅಲ್ಬುಕರ್ಕ್ ಗೋವೆ ಹಿಡಿದ ವರ್ಷವೆಂದು. ಆದರೆ ಇಲ್ಲಿ ಕಥೆ ಅವನದಲ್ಲ. ಲಿಸ್ಬನ್ನಿನ ಗೇಬ್ರಿಯಲ್ ಮತ್ತು ಬೆಲ್ಲಾ, ತುಂಗಭದ್ರೆಯ ದಡದ ಹಂಪಮ್ಮ ಮತ್ತು ಕೇಶವ. ಯಾವ ಶಾಸನದಲ್ಲೂ ಇಲ್ಲದ ಇವರ ಕೊನೆ ನನಗೆಲ್ಲಿ ಗೊತ್ತಿರಬೇಕು? ಬೆಲ್ಲಾ ಯಹೂದಿ ಹುಡುಗಿ. ಪೋರ್ಚುಗಲ್ಲಿನಲ್ಲಿ 1497ರಲ್ಲಿ ಯಹೂದಿಗಳನ್ನು ಬಲವಂತವಾಗಿ ಮತಾಂತರಿಸಿದ್ದೂ 1506ರಲ್ಲಿ ಲಿಸ್ಬನ್ನಿನಲ್ಲಿ ನಡೆದ ಹತ್ಯಾಕಾಂಡವೂ ನನಗೆ ಗೊತ್ತಿತ್ತು, ಇವಳ ಪಾಲಿಗೆ ಏನು ಬರುತ್ತದೆ ಎಂಬುದು ಗೊತ್ತಿರಲಿಲ್ಲ. ಊಟದ ಹೊತ್ತಿಗೂ ಪುಸ್ತಕ ಕೆಳಗಿಡಲಿಲ್ಲ. ವಿಜಯನಗರದ ಭಾಗಗಳನ್ನು ಓದುವಾಗಲಂತೂ ಕಥೆಗೆ ಸಂಬಂಧವೇ ಇಲ್ಲದ 1565, ವಿಜಯನಗರ ಸೋತು ಹಾಳಾದ ವರ್ಷ, ತಲೆಯೊಳಗೆ ಕೂತೇ ಇತ್ತು. ಆ ಸಂತೆ, ಆ ಜಾತ್ರೆ, ಆ ಕಲ್ಲುಕೆಲಸದವರು, ಯಾರಿಗೂ ಅದರ ಗಾಳಿಯೇ ಇಲ್ಲ. ಆ ಪುಟದಲ್ಲಿ ಇಸವಿಯ ಕೆಳಗೆ ನಾನು ಒಂದೇ ಒಂದು ಗುರುತನ್ನೂ ಹಾಕಿಕೊಂಡಿಲ್ಲ.