ಬೆಡ್ ರೇಲ್ ಒದ್ದೆ ಇರುವಷ್ಟು ಹೊತ್ತು

ಕೋವಿಡ್ ಸಮಯದಲ್ಲಿ ಕ್ವಾರಂಟೈನ್ ವಾರ್ಡ್‌ನ ಸ್ವಚ್ಛತೆ ನೋಡಿಕೊಳ್ಳುತ್ತಿದ್ದೆ. ಆಗ ಎಲ್ಲರಿಗೂ ಸ್ಪ್ರೇ ಹುಚ್ಚು. ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಔಷಧಿ ಹೊಡೆದರೆ ನೋಡುವವರಿಗೆ ಸಮಾಧಾನ, ಅಲ್ವಾ? ನಾನು ಒಪ್ಪಲಿಲ್ಲ. ಸ್ಪ್ರೇ ಮೂಲೆಗೆ, ಅಡಿಭಾಗಕ್ಕೆ ತಲುಪುವುದಿಲ್ಲ. ಕೊಳೆ ಇದ್ದಲ್ಲೇ ಇರುತ್ತದೆ. ಹೊಡೆಯುವವರಿಗೆ ಮಾತ್ರ ಕಣ್ಣುರಿ, ಕೆಮ್ಮು. 2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕೋಣೆಯೊಳಗೆ ಸ್ಪ್ರೇ ಮಾಡುವುದು ಬೇಡ ಎಂದಿತು.

ನಾವು ಮಾಡುತ್ತಿದ್ದುದು ಒರೆಸುವುದೇ. ಮೊದಲು ಸೋಪಿನ ನೀರು, ಆಮೇಲೆ ಹೈಪೋಕ್ಲೋರೈಟ್, ಅಂದರೆ ಕ್ಲೋರಿನ್ ಇರುವ ಬ್ಲೀಚ್ ದ್ರಾವಣ. ಕಫ, ರಕ್ತ ಅಂಟಿಕೊಂಡಿದ್ದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಅದಕ್ಕೇ ಖರ್ಚಾಗುತ್ತದೆ, ವೈರಸ್‌ವರೆಗೆ ಹೋಗುವುದೇ ಇಲ್ಲ. 5% ಹೈಪೋಕ್ಲೋರೈಟ್ ಒಂದು ಪಾಲಿಗೆ 49 ಪಾಲು ನೀರು ಹಾಕಿದರೆ 0.1% ಆಗುತ್ತದೆ, ಮಾಮೂಲಿ ಮೇಲ್ಮೈಗೆ ಸಾಕು. ರಕ್ತ ಚೆಲ್ಲಿದ ಕಡೆ 9 ಪಾಲು ನೀರು, ಅಂದರೆ 0.5%. ಬೆರೆಸಿದ್ದನ್ನು ನಾಳೆಗೆ ಇಡುವಂತಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆಗಂತೂ ಸೇರಿಸಲೇಬಾರದು, ವಿಷದ ಗಾಳಿ ಏಳುತ್ತದೆ. ಮಾನಿಟರ್‌ನಂಥ ಯಂತ್ರಗಳಿಗೆ ತಯಾರಕರು ಒಪ್ಪಿದ್ದರೆ 70% ಆಲ್ಕೋಹಾಲ್.

ನನಗೆ ಜಾಸ್ತಿ ತಲೆಬಿಸಿ ಕೊಟ್ಟದ್ದು ಫ್ಯಾನ್. ವೈರಸ್ ಸಾಯಬೇಕಾದರೆ ಮೇಲ್ಮೈ ಕನಿಷ್ಠ 1 ನಿಮಿಷ ಒದ್ದೆ ಇರಬೇಕು, ಬಾಟಲಿಯ ಮೇಲೆ ಹೆಚ್ಚು ಬರೆದಿದ್ದರೆ ಅಷ್ಟು ಹೊತ್ತು. ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಬೆಡ್ ರೇಲ್‌ನ, ಅಂದರೆ ಮಂಚದ ಪಕ್ಕದ ಕಂಬಿಯ, ಈ ತುದಿಯಿಂದ ಆ ತುದಿಗೆ ಬರುವಷ್ಟರಲ್ಲಿ ಮೊದಲಿನದು ಒಣಗಿರುತ್ತದೆ! ಕಿಟಕಿ ತೆರೆದು, ಫ್ಯಾನ್ ಆಫ್ ಮಾಡಿಸಿ, ಬಟ್ಟೆಯನ್ನು ಚೆನ್ನಾಗಿ ನೆನೆಸಿ ಒರೆಸಿಸುತ್ತಿದ್ದೆ. ಬಟ್ಟೆ ನಾಲ್ಕು ಮಡಿಕೆ, ಒಂದು ಮಗ್ಗುಲು ಕೊಳೆಯಾದರೆ ಇನ್ನೊಂದು. ಒಮ್ಮೆ ಬಳಸಿದ ಬಟ್ಟೆ ಮತ್ತೆ ಬಕೆಟ್‌ಗೆ ಅದ್ದುವಂತಿಲ್ಲ.

ಕೆಲಸ ಸರಿಯಾಗಿದೆಯೇ ನೋಡಲು ಕಣ್ಣಿಗೆ ಕಾಣದ ಹೊಳೆಯುವ ಜೆಲ್ ಚುಕ್ಕಿ ಇಡುತ್ತಿದ್ದೆ. ಒರೆಸಿದ ಮೇಲೆ ಯುವಿ ಟಾರ್ಚ್ ಬಿಟ್ಟರೆ ಉಳಿದದ್ದು ಮಿನುಗುತ್ತದೆ. ಟೇಬಲ್, ನೆಲ ಚೊಕ್ಕ. ರೇಲ್‌ನ ಅಡಿಭಾಗ, ಕಾಲ್ ಬೆಲ್‌ನ ಬಟನ್, ಡ್ರಿಪ್ ಬಾಟಲಿ ತೂಗುಹಾಕುವ ಐವಿ ಸ್ಟ್ಯಾಂಡ್‌ನ ತಿರುಪು ಮಾತ್ರ ಮಿಣಮಿಣ. ರೋಗಿ ಎದ್ದು ಕೂರುವಾಗ ಬೆರಳು ಹಿಡಿಯುವುದೇ ಅಲ್ಲಿ. ಬೈದು ಪ್ರಯೋಜನವಿಲ್ಲ, ಟಾರ್ಚನ್ನು ಒರೆಸುವವರ ಕೈಗೇ ಕೊಟ್ಟೆ. ಅವರೇ ಹುಡುಕತೊಡಗಿದರು.

ಒರೆಸಿದ ಜಾಗದಿಂದ ಹತ್ತಿಕಡ್ಡಿಯಲ್ಲಿ ತೆಗೆದ ಸ್ವಾಬ್ ಪಿಸಿಆರ್‌ನಲ್ಲಿ (ವೈರಸ್‌ನ ಜೀನ್ ಹುಡುಕುವ ಪರೀಕ್ಷೆ) ಪಾಸಿಟಿವ್ ಬಂದರೆ ಸುಮ್ನೆ ಗಾಬರಿಯಾಗಬೇಡಿ. ಸತ್ತ ವೈರಸ್‌ನ ಚೂರೂ ಪಾಸಿಟಿವ್ ತೋರಿಸುತ್ತದೆ. ಆದರೆ ವಾಂತಿ-ಭೇದಿ ತರುವ ನೊರೊವೈರಸ್ ಬೇರೆ ಜಾತಿ. ಕೊರೊನಾ ವೈರಸ್‌ಗಿರುವ, ಆಲ್ಕೋಹಾಲ್ ಒಡೆಯಬಲ್ಲ ಕೊಬ್ಬಿನ ಹೊದಿಕೆ ಅದಕ್ಕೆ ಇಲ್ಲ, ಹಾಗಾಗಿ ಆಲ್ಕೋಹಾಲ್ ನಂಬಿ ಕೂರಬೇಡಿ. ಅಲ್ಲಿ ಕ್ಲೋರಿನ್ನೇ ಬೇಕು, ಅದೂ ಇನ್ನಷ್ಟು ಗಟ್ಟಿಯಾಗಿ.