ಜರ್ಮನಿಗೆ ಓದಲು ಹೊರಟಿದ್ದೀರಾ? ರೂಮಿನ ಚಿಂತೆ ಈಗಲೇ ಶುರು ಮಾಡಿ

ಜುಲೈ-ಆಗಸ್ಟ್ ಬಂತೆಂದರೆ ಪುಣೆಯ ನಮ್ಮ ಕನ್ನಡದ ಹುಡುಗ ಹುಡುಗಿಯರಿಂದ ಒಂದೇ ಥರದ ಮೆಸೇಜು ಬರುತ್ತದೆ. "ಅಕ್ಕಾ, ಅಡ್ಮಿಷನ್ ಆತ್ರಿ. ವೀಸಾನೂ ಬರ್ತೈತಿ. ಅಲ್ಲೊಂದು ರೂಮ್ ನೋಡಿಕೊಡ್ರಿ." ಅಷ್ಟೊತ್ತಿಗೆ ಒಳ್ಳೆಯ ರೂಮುಗಳೆಲ್ಲ ಹೋಗಿರುತ್ತವೆ.

ನಾನು ಧಾರವಾಡದವಳು. ಪುಣೆಯಲ್ಲಿ ಇಂಜಿನಿಯರಿಂಗ್ ಮಾಡಿದೆ, ಮಾಗ್ಡೆಬುರ್ಗ್‌ನಲ್ಲಿ ಮಾಸ್ಟರ್ಸ್ ಮಾಡಿದೆ, ಈಗ ಕೋಥ್ರೂಡ್‌ನಲ್ಲಿ ಮನೆ, ಚಾಕಣ್‌ನಲ್ಲಿ ಕೆಲಸ. ಪುಣೆಯಲ್ಲಿ ಸದಾಶಿವ ಪೇಠೆಯ ಗಲ್ಲಿಯಲ್ಲಿ ಕಾಟ್ ಬೇಸಿಸ್, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ ಬಾಡಿಗೆಗೆ, ಎನ್ನುವ ಬೋರ್ಡು ನೋಡಿ, ಬೆಳಿಗ್ಗೆ ಡೆಪಾಸಿಟ್ ಕೊಟ್ಟು ಸಂಜೆಗೆ ಬ್ಯಾಗು ಇಟ್ಟವರು ನಾವು. ಅದೇ ಧೈರ್ಯದಲ್ಲಿ ಜರ್ಮನಿಗೆ ಹೊರಡುತ್ತೇವೆ. ಅಲ್ಲಿ ಸೀಟು ಸಿಗುವುದಕ್ಕಿಂತ ರೂಮು ಸಿಗುವುದು ಕಷ್ಟ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಯೂನಿವರ್ಸಿಟಿ ಆರಿಸುವಾಗಲೇ ಊರನ್ನೂ ಆರಿಸಿ, ಅರ್ಜಿ ಹಾಕುವಾಗಲೇ ರೂಮಿಗೂ ಅರ್ಜಿ ಹಾಕಿ.

ಊರು ಆರಿಸುವುದು

ಎಲ್ಲರ ಪಟ್ಟಿಯಲ್ಲೂ ಮೊದಲು ಮ್ಯೂನಿಕ್ ಇರುತ್ತದೆ. ಒಳ್ಳೆಯ ಊರೇ, ಆದರೆ ಬಾಡಿಗೆಯಲ್ಲಿ ದೇಶಕ್ಕೇ ದುಬಾರಿ. ಅದರ ಮೇಲೆ ಅಲ್ಲಿಯ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿನ ಹೊರಗಿನಿಂದ ಹೊಸದಾಗಿ ಸೇರುವವರಿಗೆ ಫೀ ಹಾಕಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4000ದಿಂದ 6000 ಯೂರೋ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ 2017ರಿಂದಲೇ ಸೆಮಿಸ್ಟರಿಗೆ 1500 ಯೂರೋ ಫೀ ಇದೆ. ಉಳಿದ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀ ಇಲ್ಲ, ಸೆಮಿಸ್ಟರ್ ಶುಲ್ಕ ಅಂತ ಒಂದಿಷ್ಟು ಕಟ್ಟಿದರೆ ಆಯಿತು.

ಮಾಗ್ಡೆಬುರ್ಗ್, ಕೆಮ್ನಿಟ್ಸ್, ಇಲ್ಮೆನೌ, ಫ್ರೈಬೆರ್ಗ್ ಥರದ ಪೂರ್ವ ಭಾಗದ ಊರುಗಳ ಹೆಸರು ಹೇಳಿದರೆ ಮನೆಯವರು ಮೂಗು ಮುರಿಯುತ್ತಾರೆ. "ಅದ್ಯಾವ ಊರು, ಕೇಳೇ ಇಲ್ಲವಲ್ಲ" ಅಂತ. ಕೇಳದಿದ್ದರೆ ಏನಂತೆ? ಇಂಜಿನಿಯರಿಂಗ್ ಓದು ಅಲ್ಲಿಯೂ ಗಟ್ಟಿಯಾಗಿದೆ, ಬಾಡಿಗೆ ಮಾತ್ರ ತುಂಬಾ ಕಡಿಮೆ. ತಿಂಗಳ ಖರ್ಚಿನಲ್ಲಿ ಅರ್ಧ ಬಾಡಿಗೆಗೇ ಹೋಗುವ ಊರಿನಲ್ಲಿ ಓದುವುದಕ್ಕೂ, ನೆಮ್ಮದಿಯಾಗಿ ಮಲಗಿ ಎದ್ದು ಓದುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಕಾಗದಪತ್ರ, ಚುಟುಕಾಗಿ

ಇದರ ಬಗ್ಗೆ ಹೇಳುವವರು ಗಲ್ಲಿಗೆ ಒಬ್ಬರಿದ್ದಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. 2022ರ ನವೆಂಬರ್‌ನಿಂದ ಭಾರತದವರು ಸ್ಟೂಡೆಂಟ್ ವೀಸಾಗೆ ಎಪಿಎಸ್ ಸರ್ಟಿಫಿಕೇಟ್ ಕೊಡಲೇಬೇಕು. ನಿಮ್ಮ ಮಾರ್ಕ್ಸ್‌ಕಾರ್ಡುಗಳು ಅಸಲಿಯೇ ಎಂದು ದೆಹಲಿಯ ಕಚೇರಿ ನೋಡಿ ಕೊಡುವ ಪತ್ರ ಅದು. ಶುಲ್ಕ 18,000 ರೂಪಾಯಿ. ಎಲ್ಲಕ್ಕಿಂತ ಮೊದಲು ಇದನ್ನು ಶುರು ಮಾಡಿ. ಎಷ್ಟೋ ಯೂನಿವರ್ಸಿಟಿಗಳು ಅರ್ಜಿಯನ್ನು ಯೂನಿ-ಅಸಿಸ್ಟ್ ಎನ್ನುವ, ಅರ್ಜಿ ಪರಿಶೀಲಿಸುವ ಸಂಸ್ಥೆಯ ಮೂಲಕ ತೆಗೆದುಕೊಳ್ಳುತ್ತವೆ. ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಒಂದೊಂದಕ್ಕೂ 30. ಸುಮ್ನೆ ಇಪ್ಪತ್ತು ಕಡೆ ಹಾಕಬೇಡಿ.

ಅಂಕದ ಲೆಕ್ಕ ಅಲ್ಲಿ ಉಲ್ಟಾ. 1.0 ಅತ್ಯುತ್ತಮ, 4.0 ಅಂದರೆ ಬರೀ ಪಾಸು. ನಿಮ್ಮ ಸಿಜಿಪಿಎ ಹತ್ತಕ್ಕೆ 8, ಪಾಸಿಗೆ 4 ಬೇಕು ಅಂದುಕೊಳ್ಳಿ. ಹತ್ತರಲ್ಲಿ ಎಂಟು ಕಳೆದರೆ 2, ಹತ್ತರಲ್ಲಿ ನಾಲ್ಕು ಕಳೆದರೆ 6. ಎರಡನ್ನು ಆರರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. 2.0 ಬಂತು. ಕೋರ್ಸಿನವರು 2.5 ಕೇಳಿದ್ದರೆ ಧೈರ್ಯವಾಗಿ ಹಾಕಿ.

ಪುಣೆಯಲ್ಲಿ ಇರುವ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಮಹಾರಾಷ್ಟ್ರ, ಗೋವಾದಲ್ಲಿ ನೆಲೆಸಿದವರ ವೀಸಾ ನೋಡುವುದು ಮುಂಬೈಯ ಜರ್ಮನ್ ಕಾನ್ಸುಲೇಟ್. ಕರ್ನಾಟಕದವರದು ಬೆಂಗಳೂರು. ನೀವು ಇರುವುದು ವಾಕಡ್‌ನಲ್ಲಿ, ಪಾಸ್‌ಪೋರ್ಟಿನಲ್ಲಿ ಇರುವುದು ಹುಬ್ಬಳ್ಳಿ ವಿಳಾಸ! ಇಲ್ಲಿಯ ರೆಂಟ್ ಅಗ್ರಿಮೆಂಟ್, ಕಾಲೇಜಿನ ಅಥವಾ ಕಂಪನಿಯ ಪತ್ರ ಮೊದಲೇ ಜೋಡಿಸಿಟ್ಟುಕೊಳ್ಳಿ. ಹನ್ನೊಂದು ತಿಂಗಳ ಅಗ್ರಿಮೆಂಟನ್ನು ರಿನ್ಯೂ ಮಾಡದೆ ಬಾಯಿಮಾತಿನಲ್ಲಿ ನಡೆಸುತ್ತಿದ್ದರೆ ಈಗಲೇ ಮಾಡಿಸಿ.

ಭಾಷೆಗೆ ಬೋಟ್ ಕ್ಲಬ್ ರೋಡಿನ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಫರ್ಗ್ಯುಸನ್ ರೋಡಿನ ರಾನಡೆ ಇನ್‌ಸ್ಟಿಟ್ಯೂಟ್ ಇದೆ. ಇಂಗ್ಲಿಷ್ ಮಾಧ್ಯಮದ ಕೋರ್ಸು, ಜರ್ಮನ್ ಯಾಕೆ ಅನ್ನಬೇಡಿ. ಕ್ಲಾಸಿಗೆ ಬೇಡ, ರೂಮಿಗೆ ಬೇಕು.

ರೂಮು ಸಿಗುವ ಜಾಗಗಳು

ಮೊದಲನೆಯದು ಸರ್ಕಾರಿ ಹಾಸ್ಟೆಲ್ ಥರದ್ದು. ಒಂದೊಂದು ಊರಿಗೂ ಸ್ಟುಡೀರೆಂಡೆನ್‌ವೆರ್ಕ್ ಅಂತ ಒಂದು ಸಂಸ್ಥೆ ಇರುತ್ತದೆ. ಕ್ಯಾಂಟೀನೂ ಅವರದೇ, ವೋನ್‌ಹೈಮ್ ಎನ್ನುವ ಹಾಸ್ಟೆಲ್ಲೂ ಅವರದೇ. ಯೂನಿವರ್ಸಿಟಿ ಬೇರೆ, ಇವರು ಬೇರೆ. ಅಡ್ಮಿಷನ್ ಆದರೆ ಹಾಸ್ಟೆಲ್ ತಾನಾಗಿ ಸಿಗುತ್ತದೆ ಎಂದು ಕಾಯುತ್ತಾ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಲ್ಲ, ಬೇರೆಯೇ ಅರ್ಜಿ ಹಾಕಬೇಕು. ಕೆಲವು ಊರುಗಳಲ್ಲಿ ಅಡ್ಮಿಷನ್ ಪತ್ರ ಬರುವ ಮೊದಲೇ ತೆಗೆದುಕೊಳ್ಳುತ್ತಾರೆ, ಕೆಲವು ಕಡೆ ಪತ್ರ ಬಂದ ಮೇಲೆ. ವೆಬ್‌ಸೈಟ್ ನೋಡಿ, ಸಾಧ್ಯವಾದ ಮೊದಲ ದಿನವೇ ಹಾಕಿ. ಕೆಲವರು ವೇಟಿಂಗ್ ಲಿಸ್ಟಿನಲ್ಲಿ ಇರುವವರಿಗೆ ಆಗಾಗ ಮೇಲ್ ಕಳಿಸಿ "ಇನ್ನೂ ಬೇಕಾ" ಎಂದು ಕೇಳುತ್ತಾರೆ. ಉತ್ತರಿಸದಿದ್ದರೆ ಹೆಸರು ತೆಗೆಯುತ್ತಾರೆ. ಸ್ಪ್ಯಾಮ್ ಫೋಲ್ಡರ್ ನೋಡುತ್ತಿರಿ.

ಎರಡನೆಯದು ವೇಗೇ. ಮೂರ್ನಾಲ್ಕು ಜನ ಸೇರಿ ಒಂದು ಫ್ಲಾಟು, ಒಬ್ಬೊಬ್ಬರಿಗೆ ಒಂದೊಂದು ರೂಮು, ಅಡುಗೆಮನೆ ಎಲ್ಲರಿಗೂ ಸೇರಿದ್ದು. ವೇಗೇ-ಗೆಸುಖ್ಟ್ ಎನ್ನುವ ಸೈಟಿನಲ್ಲಿ ಇವು ಸಿಗುತ್ತವೆ. ಇಲ್ಲಿ ನಿಮ್ಮನ್ನು ಆರಿಸುವವರು ಹೆಚ್ಚಾಗಿ ಮಾಲೀಕರಲ್ಲ, ಮನೆಯಲ್ಲಿ ಈಗಾಗಲೇ ಇರುವವರು.

ಮೂರನೆಯದು ಟ್ಸ್ವಿಷೆನ್‌ಮೀಟೆ. ಯಾರೋ ಒಬ್ಬ ಆರು ತಿಂಗಳು ಬೇರೆ ದೇಶಕ್ಕೆ ಓದಲು ಹೋಗುತ್ತಾನೆ, ಅಷ್ಟು ದಿನ ತನ್ನ ರೂಮನ್ನು ಸಾಮಾನು ಸಮೇತ ಬಿಟ್ಟುಕೊಡುತ್ತಾನೆ. ಪುಣೆಯಲ್ಲಿ ಕೂತು ಹುಡುಕುವವರಿಗೆ ಹಾಸ್ಟೆಲ್ ಬಿಟ್ಟರೆ ಇದೇ ಬೆಸ್ಟ್ ಅಂತ ನನ್ನ ಅಭಿಪ್ರಾಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಹುಡುಕಿ. ಮಂಚ, ಟೇಬಲ್ಲು ಎಲ್ಲ ಇರುತ್ತದೆ. ಆಮೇಲೆ ಅಲ್ಲೇ ಇದ್ದುಕೊಂಡು ಕಣ್ಣಾರೆ ನೋಡಿ ಖಾಯಂ ರೂಮು ಹಿಡಿಯಬಹುದು. ಮಾಲೀಕರ ಒಪ್ಪಿಗೆ ಇದೆಯಾ ಎಂದು ಮಾತ್ರ ಕೇಳಿ. ಖಾಲಿ ರೂಮು ಅಂದರೆ ಅಲ್ಲಿ ನಿಜಕ್ಕೂ ಖಾಲಿ. ಛಾವಣಿಯಿಂದ ಬರೀ ವೈರು ನೇತಾಡುತ್ತಿರುತ್ತದೆ, ಬಲ್ಬಿನ ಹೋಲ್ಡರೂ ಇರುವುದಿಲ್ಲ. ಇಡೀ ಫ್ಲಾಟು ತೆಗೆದುಕೊಂಡರೆ ಎಷ್ಟೋ ಸಲ ಅಡುಗೆಮನೆಯಲ್ಲಿ ಒಲೆ, ಸಿಂಕೂ ಇಲ್ಲ, ಹಿಂದಿನವರು ಕಿತ್ತುಕೊಂಡು ಹೋಗಿರುತ್ತಾರೆ.

ವೇಗೇಗೆ ಮೆಸೇಜು ಬರೆಯುವ ರೀತಿ

ನಮ್ಮವರು ಸೋಲುವುದು ಇಲ್ಲೇ. "ಡಿಯರ್ ಸರ್, ಐ ಆಮ್ ಇಂಟರೆಸ್ಟೆಡ್ ಇನ್ ಯುವರ್ ರೂಮ್, ಕೈಂಡ್ಲಿ ರಿಪ್ಲೈ." ಇದನ್ನೇ ಐವತ್ತು ಕಡೆ ಕಾಪಿ-ಪೇಸ್ಟ್. ಆ ಕಡೆ ಓದುವವಳು ಇಪ್ಪತ್ತೆರಡು ವರ್ಷದ ಹುಡುಗಿ. ಅವಳ ಇನ್‌ಬಾಕ್ಸಿನಲ್ಲಿ ರಾಶಿ ಮೆಸೇಜು. ಅವಳಿಗೆ ಬೇಕಿರುವುದು ಒಂದೇ: ಈ ಮನುಷ್ಯನ ಜೊತೆ ಒಂದೇ ಬಾತ್‌ರೂಮು ಹಂಚಿಕೊಳ್ಳಬಹುದಾ?

ಹಾಗಾಗಿ ಜಾಹೀರಾತನ್ನು ಕೊನೆಯ ಸಾಲಿನವರೆಗೆ ಓದಿ. ಕೆಲವರು ಬೇಕೆಂದೇ ಮಧ್ಯದಲ್ಲಿ ಒಂದು ಪ್ರಶ್ನೆ ಬಚ್ಚಿಟ್ಟಿರುತ್ತಾರೆ, ನಿನ್ನಿಷ್ಟದ ತರಕಾರಿ ಯಾವುದು ಅಂತ. ಅದಕ್ಕೆ ಉತ್ತರಿಸದವರ ಮೆಸೇಜು ನೇರ ಕಸಕ್ಕೆ. ಅವರ ಹೆಸರು ಹಿಡಿದು ಶುರು ಮಾಡಿ, ಸರ್-ಮ್ಯಾಡಮ್ ಬೇಡ. ಆರೇಳು ಸಾಲು ಜರ್ಮನ್‌ನಲ್ಲಿ ಬರೆಯಿರಿ, ತಪ್ಪಿದ್ದರೂ ಪರವಾಗಿಲ್ಲ. ನಾನು ಹೇಳಿಕೊಡುವ ಮಾದರಿ ಹೀಗಿರುತ್ತದೆ: "ಹಲೋ ಲೇನಾ, ನನ್ನ ಹೆಸರು ಇದು, ವಯಸ್ಸು 23, ಪುಣೆಯಲ್ಲಿದ್ದೇನೆ. ಅಕ್ಟೋಬರ್‌ನಿಂದ ನಿಮ್ಮೂರಲ್ಲಿ ಮಾಸ್ಟರ್ಸ್. ಕಾಲೇಜಿನಲ್ಲಿ ಮೂರು ಜನರ ಜೊತೆ ರೂಮಿನಲ್ಲಿದ್ದೆ, ಪಾತ್ರೆ ಸಿಂಕಿನಲ್ಲಿ ಬಿಡುವ ಅಭ್ಯಾಸ ನನಗಿಲ್ಲ. ಭಾನುವಾರ ದೋಸೆ ಮಾಡುತ್ತೇನೆ, ನಿಮಗೂ ಕೊಡುತ್ತೇನೆ. ನಿಮ್ಮ ಬಾಲ್ಕನಿಯ ಟೊಮೇಟೊ ಗಿಡ ಫೋಟೋದಲ್ಲಿ ನೋಡಿದೆ, ರಜೆಯಲ್ಲಿ ನೀರು ಹಾಕಲು ನಾನು ರೆಡಿ. ವಿಡಿಯೊ ಕಾಲ್‌ನಲ್ಲಿ ಮಾತಾಡೋಣವೇ?" ಇಷ್ಟು ಸಾಕು. ಸಿಜಿಪಿಎ, ಕ್ಯಾಂಪಸ್ ಪ್ರಶಸ್ತಿ ಅವರಿಗೆ ಬೇಡ.

ಇನ್ನೊಂದು ಗುಟ್ಟು. ನೀವು ಸಸ್ಯಾಹಾರಿಯಾಗಿದ್ದರೆ ಬರೆಯಿರಿ. ಜರ್ಮನಿಯಲ್ಲಿ ಸಸ್ಯಾಹಾರಿ, ವೀಗನ್ ವೇಗೇಗಳು ಸಾಕಷ್ಟಿವೆ, ಅವರು ಅಂಥವರನ್ನೇ ಹುಡುಕುತ್ತಾರೆ. ಇಲ್ಲಿ ಮನೆ ಹುಡುಕುವಾಗ ಸೊಸೈಟಿಯವರು "ವೆಜ್ ಓನ್ಲಿ" ಅಂದರೆ ನನಗೆ ಕಿರಿಕಿರಿಯಾಗುತ್ತಿತ್ತು. ಅಲ್ಲಿ ಅದೇ ನನಗೆ ಅನುಕೂಲವಾಯಿತು!

ಮೋಸದವರು

"ನಾನು ಲಂಡನ್‌ನಲ್ಲಿದ್ದೇನೆ, ಫ್ಲಾಟು ಖಾಲಿ ಇದೆ, ಒಂದು ತಿಂಗಳ ಬಾಡಿಗೆ ಮತ್ತು ಡೆಪಾಸಿಟ್ ಕಳಿಸಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ." ಈ ಕಥೆ ಕೇಳಿದರೆ ಮುಂದೆ ಓದಲೇಬೇಡಿ. ಮ್ಯೂನಿಕ್‌ನ ನಡುಮಧ್ಯೆ ಅಗ್ಗದ ಬಾಡಿಗೆ, ಫೋಟೋ ನೋಡಿದರೆ ಹೋಟೆಲ್ ಥರ, ಪಾಸ್‌ಪೋರ್ಟಿನ ನಕಲನ್ನೂ ತಾವೇ ಕಳಿಸುತ್ತಾರೆ. ಆ ಪಾಸ್‌ಪೋರ್ಟು ಬೇರೆ ಯಾರದೋ ಇರುತ್ತದೆ. ಫೋಟೋಗಳನ್ನು ಗೂಗಲ್‌ನಲ್ಲಿ ಇಮೇಜ್ ಸರ್ಚ್ ಮಾಡಿ. ವಿಡಿಯೊ ಕಾಲ್‌ನಲ್ಲಿ ರೂಮು ತೋರಿಸಿ, ಕಿಟಕಿ ತೆಗೆದು ಬೀದಿ ತೋರಿಸಿ ಅನ್ನಿ. ಅಲ್ಲಿ ಓದುತ್ತಿರುವ ಭಾರತದ ವಿದ್ಯಾರ್ಥಿಗಳ ಗುಂಪಿನಲ್ಲಿ ಯಾರಾದರೂ ಹೋಗಿ ನೋಡಿ ಬರುತ್ತಾರಾ ಕೇಳಿ. ಕಾಂಟ್ರ್ಯಾಕ್ಟಿಗೆ ಸಹಿ ಆಗದೆ ಒಂದು ಪೈಸೆ ಕಳಿಸಬೇಡಿ. ಸಹಿ ಆದ ಮೇಲೂ ಬ್ಯಾಂಕ್ ಖಾತೆಗೆ ಮಾತ್ರ.

ದುಡ್ಡಿನ ಲೆಕ್ಕ

ವೀಸಾಗೆ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ಬ್ಯಾಂಕ್ ಲೋನಿಗೆ ಓಡಾಡಿ ಇಷ್ಟು ದುಡ್ಡು ಇಟ್ಟಾಯಿತಲ್ಲ, ಇನ್ನೇನು ಅಂತ ಅಪ್ಪ-ಅಮ್ಮ ನಿರಾಳವಾಗುತ್ತಾರೆ. ಆದರೆ ಅದರಿಂದ ತಿಂಗಳಿಗೆ 992 ಮಾತ್ರ ಕೈಗೆ ಬರುತ್ತದೆ, ಅದೂ ನೀವು ಅಲ್ಲಿ ಹೋಗಿ ಖಾತೆ ತೆರೆದ ಮೇಲೆ.

ಬಾಡಿಗೆ ಎರಡು ಥರ ಬರೆದಿರುತ್ತಾರೆ. ಕಾಲ್ಟ್‌ಮೀಟೆ ಅಂದರೆ ಬರೀ ಜಾಗದ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಹೀಟಿಂಗ್, ನೀರು, ಕಸ ಎಲ್ಲ ಸೇರಿ. ಕರೆಂಟು, ಇಂಟರ್ನೆಟ್ ಅದರೊಳಗಾ ಹೊರಗಾ ಎಂದು ಕೇಳಿ. ಡೆಪಾಸಿಟ್ ಕಾಲ್ಟ್‌ಮೀಟೆಯ ಮೂರು ಪಟ್ಟು ಮೀರುವಂತಿಲ್ಲ, ಅದು ಕಾನೂನು. ಕಾಲ್ಟ್ 300, ವಾರ್ಮ್ 380 ಇದ್ದರೆ ಡೆಪಾಸಿಟ್ 900ರವರೆಗೆ ಕೇಳಬಹುದು. ಮೊದಲ ತಿಂಗಳಿಗೇ 1280 ಆಯಿತು. ಬ್ಲಾಕ್ಡ್ ಅಕೌಂಟಿನ ಒಂದು ಕಂತಿಗೆ ನಿಲುಕುವುದಿಲ್ಲ. ಈ ಹಣವನ್ನು ಬೇರೆಯೇ ಒಯ್ಯಿರಿ. ಆಗದಿದ್ದರೆ ಡೆಪಾಸಿಟ್ಟನ್ನು ಮೂರು ತಿಂಗಳ ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲೇ ಇದೆ. ಕೇಳಲು ಸಂಕೋಚ ಬೇಡ.

ಪಾರ್ಟ್‌ಟೈಮ್ ಕೆಲಸದ ಮೇಲೆ ಬಾಡಿಗೆಯ ಲೆಕ್ಕ ಹಾಕಬೇಡಿ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು ನಿಜ. ಮೊದಲ ಸೆಮಿಸ್ಟರಿನಲ್ಲಿ ಕೆಲಸ ಸಿಗುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಇಳಿದ ಮೇಲೆ

ಶನಿವಾರ ಸಂಜೆ ಇಳಿಯುವ ವಿಮಾನ ಬುಕ್ ಮಾಡಬೇಡಿ, ಟಿಕೆಟ್ ಎಷ್ಟೇ ಅಗ್ಗವಾಗಿರಲಿ. ಹಾಸ್ಟೆಲ್ ಬೀಗದ ಕೈ ಕೊಡುವ ಹೌಸ್‌ಮೈಸ್ಟರ್ ಸಿಗುವುದು ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಮಂಗಳವಾರ, ಬುಧವಾರ ಬೆಳಿಗ್ಗೆ ಇಳಿಯಿರಿ.

ಬೀಗದ ಕೈ ಸಿಕ್ಕಾಗ ಒಂದು ಫಾರ್ಮು ಕೊಡುತ್ತಾರೆ. ರೂಮಿನ ಸ್ಥಿತಿ ಬರೆಯುವುದು ಅದರಲ್ಲಿ. ಅವಸರದಲ್ಲಿ ಸಹಿ ಹಾಕಬೇಡಿ. ಹಾಸಿಗೆಯ ಕಲೆ, ಬಾಗಿಲಿನ ಗೀರು, ಕಿಟಕಿಯ ಮೂಲೆಯ ಕಪ್ಪು ಬೂಷ್ಟು, ಎಲ್ಲ ಬರೆಸಿ, ಫೋಟೋ ತೆಗೆಯಿರಿ. ನನ್ನ ಜೊತೆಯ ಹುಡುಗಿಯೊಬ್ಬಳಿಗೆ ಅವಳು ಬರುವ ಮೊದಲೇ ಇದ್ದ ಗೀರಿಗೆ ಡೆಪಾಸಿಟ್‌ನಲ್ಲಿ ಹಿಡಿದುಕೊಂಡರು. ಫೋಟೋ ಇರಲಿಲ್ಲ.

ರೂಮಿಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು, ಬರೀ ಕಾಂಟ್ರ್ಯಾಕ್ಟ್ ಸಾಲದು. "ಇರು, ಆದರೆ ಆನ್‌ಮೆಲ್ಡುಂಗ್ ಬೇಡ" ಅನ್ನುವವರ ರೂಮು ಹಿಡಿಯಬೇಡಿ. ಮುಂದೆ ವೀಸಾ ವಿಸ್ತರಣೆ ಸೇರಿದಂತೆ ಎಲ್ಲಕ್ಕೂ ಈ ಕಾಗದವೇ ಬುಡ. ನೋಂದಣಿ ಆದ ಮೇಲೆ ರೇಡಿಯೊ-ಟಿವಿ ಶುಲ್ಕದ ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂದರೂ ಕಟ್ಟಬೇಕು. ಒಂದು ಫ್ಲಾಟಿಗೆ ಒಂದೇ ಶುಲ್ಕ, ಜೊತೆಯವರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆಯ ನಂಬರ್ ಬರೆದು ಕಳಿಸಿ, ಖರ್ಚು ಹಂಚಿಕೊಳ್ಳಿ.

ಮನೆಯೊಳಗೆ ಜಗಳ ಹುಟ್ಟುವುದು ಒಗ್ಗರಣೆಯಿಂದ. ಒಣಮೆಣಸಿನಕಾಯಿ ಹಾಕುವ ಮೊದಲು ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಸ್ಮೋಕ್ ಅಲಾರಂ ಕೂಗಿ ಇಡೀ ಬಿಲ್ಡಿಂಗ್ ಕೆಳಗೆ ಇಳಿದು ನಿಲ್ಲುತ್ತದೆ. ಚಳಿಗಾಲದಲ್ಲೂ ದಿನಕ್ಕೆರಡು ಸಲ ಐದು ನಿಮಿಷ ಕಿಟಕಿ ತೆಗೆಯಲೇಬೇಕು, ತೇವಕ್ಕೆ ಗೋಡೆ ಬೂಷ್ಟು ಹಿಡಿದರೆ ಖರ್ಚು ನಿಮ್ಮ ತಲೆಗೆ ಬರಬಹುದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಮತ್ತೆ ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ನಮ್ಮ ಕಡೆಯವರಿಗೆ ಇದು ಸ್ವಲ್ಪ ಕಷ್ಟ. ರಾತ್ರಿ ಹತ್ತೂವರೆಗೆ ಜೋಳದ ರೊಟ್ಟಿ ಬಡಿದರೆ ಕೆಳಗಿನ ಮನೆಯ ಅಜ್ಜಿ ಪೊರಕೆಯಿಂದ ಛಾವಣಿ ಬಡಿಯುತ್ತಾಳೆ. ರೊಟ್ಟಿ ಸಂಜೆಯೇ ಮಾಡಿಟ್ಟುಕೊಳ್ಳಿ.

ಮನೆ ಬಿಡುವಾಗ ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್. ತಿಂಗಳ ಮೂರನೇ ಕೆಲಸದ ದಿನದೊಳಗೆ ಅದು ಅವರ ಕೈ ಸೇರಿದರೆ ಆ ತಿಂಗಳೂ ಲೆಕ್ಕಕ್ಕೆ ಬರುತ್ತದೆ, ಒಂದು ದಿನ ತಡವಾದರೆ ಒಂದು ತಿಂಗಳ ಬಾಡಿಗೆ ಹೆಚ್ಚು. ಹಾಸ್ಟೆಲ್ ಮತ್ತು ಟ್ಸ್ವಿಷೆನ್‌ಮೀಟೆಯಲ್ಲಿ ಅವಧಿ ಮೊದಲೇ ಬರೆದಿರುತ್ತದೆ, ಕಾಂಟ್ರ್ಯಾಕ್ಟ್ ನೋಡಿ. ನೋಟಿಸ್ ವಾಟ್ಸಾಪ್‌ನಲ್ಲಿ ಕೊಟ್ಟರೆ ನಡೆಯುವುದಿಲ್ಲ, ಇಮೇಲೂ ಸಾಲದು. ಕಾಗದದ ಮೇಲೆ ಬರೆದು, ಪೆನ್ನಿನಲ್ಲಿ ಸಹಿ ಹಾಕಿ, ರಿಜಿಸ್ಟರ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.